ಓಡುತ್ತಿದ್ದ ಕಾರು ಆರಿಹೋದರೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಎಂಜಿನ್ ಆರಿಹೋದರೆ ಗಾಬರಿ ಬೇಡ. ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬಲ ಒಂದೆರಡು ತುಳಿತಕ್ಕಷ್ಟೇ ಉಳಿದಿರುತ್ತದೆ. ಪದೇ ಪದೇ ತುಳಿಯದೆ, ಕೀ ತೆಗೆಯದೆ, ಎರಡೂ ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ.

ಆಮೇಲೆ, ಅದು ಹೇಗೆ ನಿಂತಿತು ಅಂತ ನೆನಪಿಸಿಕೊಳ್ಳಿ. ಥಟ್ಟನೆ ಆರಿ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನವಿರಲಿ. ನಮ್ಮ ಬಿಸಿಲಿಗೆ ಅದರ ಆಟ ಜಾಸ್ತಿ. ಜಗ್ಗಿ ಜಗ್ಗಿ ನಿಂತರೆ ಫ್ಯೂಯಲ್ ಫಿಲ್ಟರ್ ಅಥವಾ ಪಂಪ್. ಗಾಂಧಿ ಸರ್ಕಲ್ಲಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಆರುತ್ತದೆಯೇ? ಥ್ರಾಟಲ್ ಬಾಡಿಗೆ ಮಸಿ ಕಟ್ಟಿರಬಹುದು. ಬ್ಯಾಟರಿ ದೀಪ ಎಂಜಿನ್ ನಿಂತ ಮೇಲೆ ಹತ್ತುವುದು ಸಹಜ. ಓಡುವಾಗಲೇ ಹತ್ತಿತ್ತೆಂದರೆ ಆಲ್ಟರ್ನೇಟರ್ ನೋಡಿಸಿ. ಇಷ್ಟು ಹೇಳಿದರೆ, ಮೆಕ್ಯಾನಿಕ್ ಸುಮ್ಮನೆ ಪ್ಲಗ್ ಬದಲಿಸುವುದರಿಂದ ಶುರುಮಾಡುವುದಿಲ್ಲ.