ವಿನ್ಯಾಸಕ್ಕೊಂದು ಅಳತೆಗೋಲು

ವಿದ್ಯಾರ್ಥಿಗಳೇ, ನಮ್ಮ ಮಕರಪುರದ ಕಾರ್ಖಾನೆಗಳಲ್ಲಿ ಲೇತಿನ ಮೇಲೆ ಕಡೆದ ಷಾಫ್ಟನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಅದು ಸರಿಯೋ ತಪ್ಪೋ ಎಂಬುದನ್ನು ಕೆಲಸಗಾರರು ಒಡನೆಯೇ ಹೇಳಬಲ್ಲರು. ಗಣಕಯಂತ್ರವನ್ನು ನಡೆಸುವ ತಂತ್ರಾಂಶವಾದರೋ ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಅದರ ವಿನ್ಯಾಸದ ಗುಣವನ್ನು ಅಳೆಯುವ ಬಗೆ ಹೇಗೆ?

ತಂತ್ರಾಂಶವೆಂಬುದು ಅನೇಕ ಭಾಗಗಳ ಕೂಟ. 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಒಂದೇ ಕೆಲಸದ ತಂತ್ರಾಂಶವನ್ನು ಎರಡು ಬಗೆಯಾಗಿ ವಿಂಗಡಿಸಿ, ಮುಂದೆ ಬರಬಹುದಾದ ಒಂದೊಂದು ಮಾರ್ಪಾಟಿಗೂ ಎಷ್ಟು ಭಾಗಗಳನ್ನು ತಿದ್ದಬೇಕಾಗುವುದೆಂದು ಹೋಲಿಸಿ ನೋಡಿದರು. ಕಡಮೆ ಭಾಗಗಳನ್ನು ತಿದ್ದಿದರೆ ಸಾಕಾಗುವ ವಿನ್ಯಾಸವೇ ಮೇಲೆಂದು ತೋರಿಸಿದರು.

1994ರಲ್ಲಿ ರಾಬರ್ಟ್ ಮಾರ್ಟಿನ್ ಎಂಬವರು ಇದಕ್ಕೊಂದು ಲೆಕ್ಕವನ್ನು ಕೊಟ್ಟರು. ಅದು ಸ್ಥೂಲವಾಗಿ ಹೀಗಿದೆ: ಒಂದು ಭಾಗವು 3 ಭಾಗಗಳನ್ನು ಅವಲಂಬಿಸಿದೆ, 1 ಭಾಗವು ಅದನ್ನು ಅವಲಂಬಿಸಿದೆ ಎನ್ನೋಣ. ಒಟ್ಟು ನಂಟುಗಳು 4. 3ನ್ನು 4ರಿಂದ ಭಾಗಿಸಿದರೆ 0.75, ಇದೇ ಅದರ ಚಾಂಚಲ್ಯ. ಯಾವುದನ್ನೂ ಅವಲಂಬಿಸದೆ ಇತರ ಭಾಗಗಳಿಗೆ ಆಸರೆಯಾಗಿರುವ ಭಾಗದ ಚಾಂಚಲ್ಯ 0, ಅದು ಸ್ಥಿರ. ಚಂಚಲವಾದುದು ಸ್ಥಿರವಾದುದನ್ನು ಅವಲಂಬಿಸಬೇಕೇ ಹೊರತು ಇದರ ವಿಪರೀತವಾಗಕೂಡದು. ಇದೇ ನಿಯಮ.

ನಮ್ಮ ಕನ್ನಡಕ್ಕೇ ಇದನ್ನು ಅನ್ವಯಿಸಿ ನೋಡೋಣ. ಯುನಿಕೋಡ್ ಬಳಕೆಗೆ ಬರುವ ಮೊದಲು ಗಣಕದಲ್ಲಿ ಕನ್ನಡ ಬರಹವನ್ನು ಯಾವುದಾದರೊಂದು ಫಾಂಟಿನ ಅಕ್ಷರತುಂಡುಗಳ ಸಂಖ್ಯೆಗಳಾಗಿ ಇಡುತ್ತಿದ್ದರು. ಬರಹವು ಬಹುಕಾಲ ಉಳಿಯತಕ್ಕದ್ದು, ಫಾಂಟಾದರೋ ಬದಲಾಗತಕ್ಕದ್ದು. ಸ್ಥಿರವಾಗಿರಬೇಕಾದುದು ಚಂಚಲವಾದುದಕ್ಕೆ ಕಟ್ಟುಬಿದ್ದಿತು. ಆದುದರಿಂದ ಆ ಫಾಂಟು ಇಲ್ಲದ ಗಣಕದಲ್ಲಿ ಕವಿತೆಯೂ ಕಾಗದಪತ್ರವೂ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಯುನಿಕೋಡಿನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಬರಹವೂ ಫಾಂಟೂ ಎರಡೂ ಈ ಸ್ಥಿರಸಂಖ್ಯೆಯನ್ನೇ ಅವಲಂಬಿಸುವುದರಿಂದ ಫಾಂಟು ಬದಲಾದರೂ ಬರಹವು ಕೆಡದು.

ಆದರೆ ಹಳೆಯ ಬರಹಗಳು ತಾವಾಗಿಯೇ ಹೊಸ ಕ್ರಮಕ್ಕೆ ಬರುವುದಿಲ್ಲ, ಅವನ್ನು ಪರಿವರ್ತಿಸಬೇಕು. ನಿಮ್ಮ ಮನೆಯ ಗಣಕದಲ್ಲಿ ಅಂಥವು ಇದ್ದರೆ ಹಿರಿಯರನ್ನು ಕೇಳಿ ಆ ಕೆಲಸವನ್ನು ಕೈಗೊಳ್ಳಿರಿ. ತಾಯ್ನಾಡಿನಿಂದ ದೂರವಿರುವ ನಮಗೆ ಬರಹವೇ ನಾಡಿನ ನಂಟು. ಇಂದು ನೀವು ಬರೆದುದನ್ನು ನಾಳೆ ನಿಮ್ಮ ಮಕ್ಕಳು ಓದಬೇಕಲ್ಲವೆ?

ಅಭ್ಯಾಸ: ಒಂದು ಭಾಗವು 2 ಭಾಗಗಳನ್ನು ಅವಲಂಬಿಸಿದೆ; 6 ಭಾಗಗಳು ಅದನ್ನು ಅವಲಂಬಿಸಿವೆ. ಅದರ ಚಾಂಚಲ್ಯವೆಷ್ಟು? ಅದನ್ನು ತಿದ್ದುವಾಗ ಹೆಚ್ಚು ಎಚ್ಚರವೇಕೆ?