ತಲೆಗೆಷ್ಟು, ಗಾಡಿಗೆಷ್ಟು

“ತಮ್ಮಾ, ತಲೆಗೆ ಇಷ್ಟು ಅಂತ ಯಾಕ ಕೊಟ್ಟಿ? ಗಾಡಿಗೆ ಇಷ್ಟು ಅಂತ ಮಾತಾಡಬೇಕಿತ್ತಲ್ಲ?”

ಮಲೇಷ್ಯಾದ ಪೆನಾಂಗ್ ಬಂದರಿನ ಗೇಟಿನ ಹೊರಗೆ, ವ್ಯಾನು ಟ್ಯಾಕ್ಸಿಗಳವರು ದರದ ಹಲಗೆ ಹಿಡಿದು ನಿಂತಿದ್ದ ಕಡೆ, ನನ್ನ ಅಕ್ಕ ಹೀಗೆ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಆದೋನಿಯಲ್ಲಿ ಬ್ಯಾಂಕಿನ ಸಾಲದ ಮೇಜಿನ ಹಿಂದೆ 29 ವರ್ಷ ಕೂತು ಬಂದವರಿಗೆಲ್ಲ ಬಡ್ಡಿ, ಕಂತು ಲೆಕ್ಕ ಹಾಕಿ ಕೊಟ್ಟವನು ನಾನು. ಅಕ್ಕ ಪೆದ್ದಕಡುಬೂರು ಬಿಟ್ಟು ಹೊರಗೆ ಬದುಕಿದವಳಲ್ಲ. ಲೆಕ್ಕ ಅವಳಿಗೆ ಮೊದಲು ಕಂಡಿತು.

ಮಗಳು, ಅಳಿಯ ಸಿಂಗಪುರದಲ್ಲಿದ್ದಾರೆ. 2024ರ ಡಿಸೆಂಬರಿನಲ್ಲಿ ಅವರು ನಾಲ್ಕು ರಾತ್ರಿಯ ಹಡಗು ಪ್ರವಾಸ ಬುಕ್ ಮಾಡಿದರು. ಸಿಂಗಪುರದಿಂದ ಪೆನಾಂಗ್, ಅಲ್ಲಿಂದ ಫುಕೆಟ್, ಮರಳಿ ಸಿಂಗಪುರ. ನಾನು, ನನ್ನ ಹೆಂಡತಿ, ಅಕ್ಕ, ಭಾವ, ಅವರಿಬ್ಬರು, ಒಟ್ಟು ಆರು ಜನ. ಹಡಗಿನ ಬಾಡಿಗೆ ತಲೆಗೆ 48,000 ರೂಪಾಯಿ. ಅದರ ಬಗ್ಗೆ ನನಗೆ ತಕರಾರಿಲ್ಲ. ಕೋಣೆ, ಊಟ, ಸಮುದ್ರ ಎಲ್ಲ ಸೇರಿದ ದರ ಅದು. ತಕರಾರು ಇರುವುದು ಮೊದಲ ರಾತ್ರಿ ಹಡಗಿನ ಎಕ್ಸ್‌ಕರ್ಷನ್ ಕೌಂಟರಿನಲ್ಲಿ ನಾನು ಮಾಡಿದ ಸಹಿಯ ಬಗ್ಗೆ.

ಕೌಂಟರಿನ ಹುಡುಗಿ ವಿನಯದಿಂದಲೇ ಮಾತಾಡಿದಳು. ಪೆನಾಂಗ್ ದರ್ಶನ, ನಾಲ್ಕೂವರೆ ಗಂಟೆ, ತಲೆಗೆ 72 ಡಾಲರ್. “ನಮ್ಮ ಬಸ್ಸಿನಲ್ಲಿ ಹೋದರೆ, ತಡವಾದರೂ ಹಡಗು ಕಾಯುತ್ತದೆ. ನೀವಾಗಿ ಹೋದರೆ ಕಾಯುವುದಿಲ್ಲ” ಅಂದಳು. ಆ ಮಾತು ಸುಳ್ಳಲ್ಲ. ಹಡಗುಗಳ ರೂಢಿಯೇ ಹಾಗೆ. ಆದರೆ ಆ ಒಂದು ವಾಕ್ಯ ಕೇಳಿದ ಕೂಡಲೇ ಗೊತ್ತಿಲ್ಲದ ದೇಶದ ದಡದ ಮೇಲೆ ಮಂಡಿನೋವಿನ ಅಕ್ಕನನ್ನು ಕರೆದುಕೊಂಡು ನಿಂತಿದ್ದೇನೆ, ಹಡಗು ದೂರ ಹೋಗುತ್ತಿದೆ ಎಂಬ ಚಿತ್ರ ಕಣ್ಣ ಮುಂದೆ ಬಂತು. ಸಹಿ ಹಾಕಿದೆ.

ಬಸ್ಸಿನಲ್ಲಿ 38 ಜನ. ಏರ್ ಇತಾಮ್‌ನ ಕೆಕ್ ಲೋಕ್ ಸಿ ದೇವಾಲಯಕ್ಕೆ ನಲವತ್ತು ನಿಮಿಷ. ಆಮೇಲೆ ಚಾಕಲೇಟು, ಕಾಫಿಪುಡಿ ಮಾರುವ ಅಂಗಡಿಯೊಂದಕ್ಕೆ ಐವತ್ತು ನಿಮಿಷ. ಇದನ್ನು ಎರಡು ಸಲ ಓದಿ. ನೂರು ವರ್ಷ ದಾಟಿದ ದೇವಾಲಯಕ್ಕಿಂತ ಅಂಗಡಿಗೆ ಹತ್ತು ನಿಮಿಷ ಹೆಚ್ಚು. ಕೊನೆಗೆ ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ್ ಗುಡಿ. ಅದು 1833ರದು, ಪೆನಾಂಗಿನ ಅತಿ ಹಳೆಯ ಹಿಂದೂ ಗುಡಿ. ಅಲ್ಲಿ ಹದಿನೈದು ನಿಮಿಷ, ಅದರಲ್ಲಿ ಚಪ್ಪಲಿ ಬಿಡುವುದು ಹಾಕುವುದು ಸೇರಿದಂತೆ. ಅಕ್ಕ ಅಮ್ಮನ ಮುಂದೆ ಕೂತು ಕಣ್ಣು ಮುಚ್ಚಿದ್ದಳು. ಬಸ್ಸಿನ ಸಹಾಯಕ ಬಾಗಿಲಲ್ಲಿ ನಿಂತು ನಂಬರಿನ ಹಲಗೆ ಅಲ್ಲಾಡಿಸಿದ. “ಇಷ್ಟು ದೂರ ಬಂದು ದೇವರ ಮುಂದ ಕೂಡಾಕ ಬಿಡ್ಲಿಲ್ಲಲ್ಲಪ್ಪಾ” ಅಂದಳು ಅಕ್ಕ. ಆ ಮಾತಿನ ಬೆಲೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಬಸ್ಸಿನ ಗೈಡ್ ತಮಿಳು ಮಾತಾಡುವ ಮಲೇಷ್ಯಾದ ಹೆಣ್ಣುಮಗಳು. ಕೊರಳಲ್ಲಿ ಸರ್ಕಾರದ ಪರವಾನಗಿಯ ಬಿಲ್ಲೆ. ಒಳ್ಳೆಯ ಗೈಡ್, ಆದರೆ ಮೈಕು ಇಂಗ್ಲಿಷಿನಲ್ಲಿ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ ಮೇಲೆ ನಮ್ಮ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಅಕ್ಕನಿಗೆ ಇಂಗ್ಲಿಷಿನ ಗೊಡವೆ ಬೀಳಲೇ ಇಲ್ಲ. ಅಂಗಡಿಯ ಐವತ್ತು ನಿಮಿಷ ಆ ಹೆಣ್ಣುಮಗಳು ಅಕ್ಕನ ಪಕ್ಕದಲ್ಲಿ ಬಂದು ಕೂತಳು. ಅವಳ ತಮಿಳು, ಇವಳ ತೆಲುಗು, ನಡುವೆ ಇಬ್ಬರ ಕೈಸನ್ನೆ. ತಾನು ಹಡಗಿನವಳಲ್ಲ, ದಿನಗೂಲಿಗೆ ಕರೆದರೆ ಬರುವವಳು, ಅರ್ಧ ದಿನಕ್ಕೆ 300 ರಿಂಗಿಟ್, ಯಾರು ಕರೆದರೂ ಅಷ್ಟೇ ಎಂದು ಹೇಳಿದಳಂತೆ. ಅಕ್ಕ ಅದನ್ನು ನನಗೆ ದಾಟಿಸಿದಾಗ ನಾನು ಬಸ್ಸಿನ ಸೀಟು ಎಣಿಸಿದೆ. ಆವತ್ತಿನ ಲೆಕ್ಕದಲ್ಲಿ 300 ರಿಂಗಿಟ್ ಎಂದರೆ 5,700 ರೂಪಾಯಿ. ಒಂದು ಟಿಕೆಟ್ 72 ಡಾಲರ್, ಅಂದರೆ 6,120 ರೂಪಾಯಿ. 38 ಜನ ಕೊಟ್ಟ 2,32,560 ರೂಪಾಯಿಯಲ್ಲಿ ಆ ಊರನ್ನು ನಮಗೆ ತೋರಿಸಿದವಳ ಪಾಲು ಒಂದು ಟಿಕೆಟ್ಟಿನಷ್ಟೂ ಇಲ್ಲ. ಬಸ್ಸಿನ ಬಾಡಿಗೆ, ಪ್ರವೇಶದ ಚೀಟಿ ಕಳೆಯಿರಿ, ಉಳಿದದ್ದು ಎಲ್ಲಿಗೆ ಹೋಯಿತೆಂದು ನೀವೇ ನೋಡಿ.

ಸಂಜೆ ಆರಕ್ಕೆ ಬಸ್ಸು ಬಂದರಿನಲ್ಲಿ ಇಳಿಸಿತು. ಹಡಗು ಹತ್ತಲು ಗಡುವು ಎಂಟು ಗಂಟೆ. “ಅಪ್ಪಾ, ಸ್ವಲ್ಪ ನಡೆದು ಬರೋಣ” ಅಂದಳು ಮಗಳು. ಗೇಟು ದಾಟಿದ ಕೂಡಲೇ ವಿಕ್ಟೋರಿಯಾ ಗಡಿಯಾರದ ಗೋಪುರ, ಅದರ ಬೆನ್ನಿಗೆ ಕಾರ್ನ್‌ವಾಲಿಸ್ ಕೋಟೆ, ಇನ್ನೂ ಹತ್ತು ಹನ್ನೆರಡು ನಿಮಿಷ ನಡೆದರೆ ಲಿಟಲ್ ಇಂಡಿಯಾ, ಹೂವಿನಂಗಡಿ, ಮತ್ತೆ ಅದೇ ಮಾರಿಯಮ್ಮನ ಗುಡಿ! ಸ್ವೆಟನ್‌ಹ್ಯಾಮ್ ಬಂದರುಕಟ್ಟೆ ಜಾರ್ಜ್‌ಟೌನಿನ ಎದೆಯ ಮೇಲೇ ಇದೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರಿನ ಒಳಗೇ ನಾವು ಇಳಿದಿದ್ದೆವು. ಅದನ್ನು ಬಸ್ಸಿನ ಗಾಜಿನೊಳಗಿಂದ ನೋಡಲು ದುಡ್ಡು ಕೊಟ್ಟಿದ್ದೆವು.

ಕೋಟೆಯ ಹೆಸರು ಕೇಳಿ ಭಾವ ನಿಂತರು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ ಅದೇ ಕಾರ್ನ್‌ವಾಲಿಸ್. ಫ್ರಾನ್ಸಿಸ್ ಲೈಟ್ ಎಂಬುವವನು ಕಂಪನಿಯ ಪರವಾಗಿ ಈ ದ್ವೀಪದಲ್ಲಿ ಬಾವುಟ ನೆಟ್ಟದ್ದು 1786ರಲ್ಲಿ. ಅದೇ ವರ್ಷ ಟಿಪ್ಪು ನಮ್ಮ ಆದೋನಿ ಕೋಟೆಗೆ ಮುತ್ತಿಗೆ ಹಾಕಿದ್ದ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯಲ್ಲಿ ಆದೋನಿಯೂ ಸೇರಿ ಅದೇ ಕಂಪನಿಯ ಕೈಗೆ ಹೋಯಿತು. ಹತ್ತಿ ಹೊಲದ ಬದುವಿನ ಮೇಲೆ ನಿಂತು ಈ ಕಥೆ ಹೇಳುವ ಭಾವನಿಗೆ ಅದರ ಇನ್ನೊಂದು ತುದಿ ಸಿಕ್ಕಿತ್ತು. ಒಳಗೆ ಹೋಗಿ ನೋಡಲು ಸಮಯ ಉಳಿದಿರಲಿಲ್ಲ.

ಆ ಹೊತ್ತಿಗೇ ಅಕ್ಕ ವ್ಯಾನಿನವನ ಹಲಗೆ ನೋಡಿದ್ದು. ಆರು ತಾಸಿನ ಓಡಾಟಕ್ಕೆ 360 ರಿಂಗಿಟ್, ಎಂಟು ಜನ ಕೂರಬಹುದು.

ರಾತ್ರಿ ಕೋಣೆಗೆ ಬಂದು ಕಾಗದ ತೆಗೆದುಕೊಂಡೆ. ನಾವು ಕೊಟ್ಟದ್ದು 72 ಡಾಲರ್ ಗುಣಿಸು 6, ಅಂದರೆ 432 ಡಾಲರ್. ಡಾಲರಿಗೆ 85ರಂತೆ 36,720 ರೂಪಾಯಿ. ಹಡಗಿನ ಖಾತೆಗೆ ಜೋಡಿಸಿದ್ದು ನನ್ನ ಕ್ರೆಡಿಟ್ ಕಾರ್ಡ್, ಫಾರೆಕ್ಸ್ ಮಾರ್ಕಪ್ ಶೇ 3.5, ಅಂದರೆ 1,285. ಅದರ ಮೇಲೆ ಜಿಎಸ್‌ಟಿ 231. ಒಟ್ಟು 38,236 ರೂಪಾಯಿ. ಇನ್ನೊಂದು ದಾರಿ: ವ್ಯಾನು 360, ಗೈಡ್ 300, ಆರು ಜನರ ಪ್ರವೇಶ ಚೀಟಿ, ನೀರು, ನಿಲುಗಡೆಗೆ ಧಾರಾಳವಾಗಿ 180. ಒಟ್ಟು 840 ರಿಂಗಿಟ್, 19ರಂತೆ 15,960 ರೂಪಾಯಿ. ವ್ಯತ್ಯಾಸ 22,276.

ಹಡಗು ಕಾಯುತ್ತದೆ ಎಂಬ ಭರವಸೆಗೆ ಇದು ನಾನು ಕಟ್ಟಿದ ಪ್ರೀಮಿಯಂ. ಯಾವ ಪ್ರೀಮಿಯಮ್ಮಿಗೂ ಎದುರು ಒಂದು ನಷ್ಟದ ಮೊತ್ತ ಇರಬೇಕು. ಹಡಗು ತಪ್ಪಿದ್ದರೆ ಏನಾಗುತ್ತಿತ್ತು? ಪೆನಾಂಗಿನಿಂದ ಸಿಂಗಪುರಕ್ಕೆ ಕೊನೇ ಗಳಿಗೆಯ ವಿಮಾನ ತಲೆಗೆ 12,000 ಅಂತಿಟ್ಟರೆ 72,000. ಮೂರು ಕೋಣೆ ಒಂದು ರಾತ್ರಿಗೆ 12,000. ಊಟ, ಟ್ಯಾಕ್ಸಿ 6,000. ಇದು 90,000. ಹಡಗಿನಲ್ಲಿ ಉಳಿದ ಮೂರು ರಾತ್ರಿ ನೀರುಪಾಲು, ಅಂದರೆ 2,88,000ದ ಮುಕ್ಕಾಲು, 2,16,000. ಎಲ್ಲ ಸೇರಿ 3,06,000. ಇದನ್ನು 22,276ರಿಂದ ಭಾಗಿಸಿ. ಹದಿಮೂರು ಮುಕ್ಕಾಲು. ಹದಿನಾಲ್ಕು ಸಲ ಹೋದರೆ ಒಂದು ಸಲವಾದರೂ ಹಡಗು ತಪ್ಪುತ್ತದೆ ಅನ್ನುವವರಿಗೆ ಮಾತ್ರ ಈ ಪ್ರೀಮಿಯಂ ಸರಿಹೋಗುತ್ತದೆ. ದಡದಿಂದ ನಡೆದು ಹೋಗುವಷ್ಟು ಹತ್ತಿರದ ಊರಿನಲ್ಲಿ, ಎರಡು ಗಂಟೆ ಮುಂಚೆ ವಾಪಸು ಬರುವ ಎಚ್ಚರ ಇರುವ ಆರು ಜನ ದೊಡ್ಡವರು ಹದಿನಾಲ್ಕು ಸಲಕ್ಕೆ ಒಂದು ಸಲ ಹಡಗು ತಪ್ಪಿಸಿಕೊಳ್ಳುತ್ತಾರೆಯೇ? ಸಾಲ ಕೇಳಲು ಬಂದವನು ಇಂಥ ಲೆಕ್ಕ ತಂದಿದ್ದರೆ ನಾನು ಅರ್ಜಿ ವಾಪಸು ಕೊಡುತ್ತಿದ್ದೆ. ತಲೆಯ ಮೇಲೆ ದರ ಕಟ್ಟಿ, ಭಯವನ್ನು ಬೆರೆಸಿ ಮಾರುವ ಈ ಸರಕನ್ನು ಪೆನಾಂಗಿನಂಥ ಬಂದರಿನಲ್ಲಿ ಯಾರೂ ಕೊಳ್ಳಬಾರದು. ಮೂವರೇ ಇದ್ದರೆ ಲಾಭ ಕಡಿಮೆಯಾಗುತ್ತದೆ, ಒಬ್ಬರೋ ಇಬ್ಬರೋ ಇದ್ದರೆ ಬಸ್ಸೇ ಅಗ್ಗ ಬಿದ್ದೀತು. ನಾಲ್ಕು ದಾಟಿದ ಕುಟುಂಬಕ್ಕೆ ನನ್ನ ಮಾತು ಇಷ್ಟೇ.

ಎಲ್ಲ ಬಂದರೂ ಪೆನಾಂಗ್ ಅಲ್ಲ. ಥಾಯ್ಲೆಂಡಿನ ಲೇಮ್ ಚಬಾಂಗಿನಲ್ಲಿ ಇಳಿದವರಿಗೆ ಬ್ಯಾಂಕಾಕ್ ನೂರು ಕಿಲೋಮೀಟರಿಗೂ ಆಚೆ, ನಡುವೆ ಆ ಊರಿನ ಟ್ರಾಫಿಕ್ಕು. ಅಲ್ಲಿ ಹಡಗಿನ ಬಸ್ಸಿಗೆ ದುಡ್ಡು ಕೊಡಿ, ನಿದ್ದೆ ಬರುತ್ತದೆ.

ಮರುದಿನದ ಫುಕೆಟ್‌ಗೆ ನಾನು ಕೌಂಟರಿಗೆ ಹೋಗಲಿಲ್ಲ. ಮಗಳು ತನ್ನ ಸಹೋದ್ಯೋಗಿಯಿಂದ ಪರವಾನಗಿ ಇರುವ ಗೈಡ್ ಒಬ್ಬರ ನಂಬರ್ ತರಿಸಿ ರಾತ್ರಿಯೇ ಮೆಸೇಜು ಹಾಕಿದಳು. ಆ ಮನುಷ್ಯ ದರ ಹೇಳುವ ಮೊದಲು ಕೇಳಿದ್ದು: “ನಿಮ್ಮ ಗಡುವು ಹಡಗಿನ ಗಡಿಯಾರದ್ದೋ, ಫುಕೆಟ್ ಗಡಿಯಾರದ್ದೋ?” ನನಗೆ ಎದೆ ಝಲ್ಲೆಂದಿತು. ಹಡಗು ಸಿಂಗಪುರದ ಸಮಯದಲ್ಲೇ ಓಡುತ್ತಿತ್ತು. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ದಡದಿಂದ ಹಡಗಿಗೆ ಮರಳುವ ಕೊನೆಯ ದೋಣಿ ಐದೂವರೆಗೆ ಅಂದರೆ ದಡದ ಗಡಿಯಾರದಲ್ಲಿ ನಾಲ್ಕೂವರೆ. ನನ್ನ ಫೋನು ದಡ ಮುಟ್ಟಿದ ಕೂಡಲೇ ತಾನಾಗಿ ಸಮಯ ಬದಲಿಸಿಕೊಳ್ಳುತ್ತಿತ್ತು, ನಾನು ಅದನ್ನೇ ನಂಬಿ ತಿರುಗುತ್ತಿದ್ದೆ. ಭಾವ ತಮ್ಮ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು, “ಇದನ್ನ ಯಾರೂ ಮುಟ್ಟಬ್ಯಾಡ್ರಿ” ಅಂದರು.

ವ್ಯಾನು 2,800 ಬಾತ್, ಗೈಡ್ 2,000. ಎರಡೂವರೆಯಂತೆ 12,000 ರೂಪಾಯಿ, ಕೊನೆಗೆ ಖುಷಿಯಿಂದ ಕೊಟ್ಟ 300 ಬಾತ್ ಸೇರಿಸಿ 12,750. ಹಡಗಿನವರ ದರ ಅಲ್ಲಿ ತಲೆಗೆ 66 ಡಾಲರ್ ಇತ್ತು, ಆರು ಜನಕ್ಕೆ 33,660. ಕಳೆದುಕೊಂಡದ್ದೂ ಒಂದಿದೆ. ಫುಕೆಟ್‌ನಲ್ಲಿ ಹಡಗು ದೂರದಲ್ಲಿ ಲಂಗರು ಹಾಕಿತು. ಹಡಗಿನ ಟೂರು ತೆಗೆದುಕೊಂಡವರನ್ನು ಮೊದಲ ದೋಣಿಗಳಲ್ಲಿ ಇಳಿಸಿದರು. ನಮ್ಮ ಸರದಿ ಬರಲು ಒಂದು ಗಂಟೆ ಹಿಡಿಯಿತು.

ಉಳಿದ ಹೊತ್ತು ನಮ್ಮದೇ ಆಗಿತ್ತು. ವಾಟ್ ಚಲೋಂಗಿನಲ್ಲಿ ಅಕ್ಕ ಮುಕ್ಕಾಲು ಗಂಟೆ ಕೂತಳು. ಯಾರೂ ಹಲಗೆ ಅಲ್ಲಾಡಿಸಲಿಲ್ಲ. ಊಟಕ್ಕೆ ಆ ಗೈಡ್ ಹಳದಿ ಬಾವುಟದ ಮೇಲೆ ಕೆಂಪಗೆ ಬರೆದಿದ್ದ ಸಣ್ಣ ಅಂಗಡಿಗೆ ಕರೆದೊಯ್ದರು. ಅದು ‘ಜೇ’ ಎಂಬ ಗುರುತು, ಮಾಂಸ, ಮೀನು ಯಾವುದೂ ಬೆರೆಸದ ಊಟ. ಪ್ರತಿ ವರ್ಷ ಒಂಬತ್ತು ದಿನ ಸಸ್ಯಾಹಾರದ ಹಬ್ಬ ಮಾಡುವ ಊರಂತೆ ಅದು. ಎರಡು ದಿನ ಹಣ್ಣು, ಬ್ರೆಡ್ಡಿನಲ್ಲಿ ಕಳೆದಿದ್ದ ಅಕ್ಕ ಎರಡು ಸಲ ಅನ್ನ ಹಾಕಿಸಿಕೊಂಡಳು. ನಾವು ದೋಣಿಯ ಕಟ್ಟೆಗೆ ಬಂದಾಗ ಭಾವನ ಗಡಿಯಾರದಲ್ಲಿ ಮೂರು ಮುಕ್ಕಾಲು.

ಅಕ್ಕನಿಗೆ ಗಾಡಿಯ ಲೆಕ್ಕ ಮೊದಲೇ ಹೊಳೆದದ್ದಕ್ಕೆ ಕಾರಣವಿದೆ. ನಮ್ಮ ಚಿಕ್ಕಪ್ಪನ ಮಗ ಮಂತ್ರಾಲಯದಲ್ಲಿ ಆಟೋ ಓಡಿಸುತ್ತಾನೆ. ಬಿಚ್ಚಾಲೆ, ಗಾಣದಾಳ ಪಂಚಮುಖಿ ತೋರಿಸಿ ತರುತ್ತಾನೆ. ದರ ಆಟೋಕ್ಕೆ, ಒಳಗೆ ಮೂವರು ಕೂತರೂ ಐವರು ಕೂತರೂ. ದಾರಿಯಲ್ಲಿ, ಆದೋನಿಯ ಸಿದ್ದಿ ಮಸೂದ್ ಖಾನನಿಂದ ಮಂಚಾಲೆ ಗ್ರಾಮ ರಾಯರಿಗೆ ಬಂದ ಕಥೆ, 1671ರ ಬೃಂದಾವನ ಪ್ರವೇಶದ ಕಥೆ ಹೇಳುತ್ತಾನೆ. ಪ್ಯಾಕೇಜ್ ಬಸ್ಸು ಬಂದ ದಿನ ಅವನ ಆಟೋ ಖಾಲಿ ನಿಂತಿರುತ್ತದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಹಡಗು ಬಂದಾಗಲೂ ಗೇಟಿನ ಹೊರಗೆ ಆಟೋ, ಟ್ಯಾಕ್ಸಿಯವರು ಕಾಯುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನ ದಾರಿ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ನಾವು ಹಡಗಿನಲ್ಲಿ ಕೂತಾಗ ಮಾತ್ರ ಅಂಥವರನ್ನು ಕಂಡು ಹೆದರುತ್ತೇವೆ.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಹತ್ತಿ ಮಾರಲು ಆದೋನಿ ಮಾರುಕಟ್ಟೆಗೆ ಹೋದಾಗ ಭಾವ ತೂಕದ ಕಲ್ಲಿನಿಂದ ಕಣ್ಣು ಕೀಳುವುದಿಲ್ಲ. ಕ್ವಿಂಟಲಿಗೆ ಎಷ್ಟು ಕಡಿತ, ಯಾಕೆ ಕಡಿತ ಎಂದು ಕೇಳಿಯೇ ಕೇಳುತ್ತಾರೆ. ಅದೇ ನಾವು ರತ್ನಗಂಬಳಿ ಹಾಸಿದ ಕೌಂಟರಿನ ಮುಂದೆ ಬಾಯಿ ಕಟ್ಟಿಕೊಳ್ಳುತ್ತೇವೆ. ಹೇಗೂ ಮೂರು ಲಕ್ಷ ಆಗಿದೆ, ಇನ್ನು ನಲವತ್ತು ಸಾವಿರ ಏನು ಮಹಾ ಎನ್ನುತ್ತೇವೆ. ಆ ನಲವತ್ತು ಸಾವಿರ ಅಕ್ಕನ ಮನೆಯ ಒಂದು ಬೆಳೆಯ ಗೊಬ್ಬರ, ಔಷಧಿಯ ಖರ್ಚು. ಆಮೇಲೆ ದಡಕ್ಕೆ ಇಳಿದು, ಬಿಸಿಲಲ್ಲಿ ನಿಂತ ವ್ಯಾನಿನವನ ಹತ್ತಿರ ಇಪ್ಪತ್ತು ರಿಂಗಿಟ್‌ಗಾಗಿ ಹತ್ತು ನಿಮಿಷ ಚೌಕಾಶಿ ಮಾಡುತ್ತೇವೆ. ದೊಡ್ಡ ಜಾಗದಲ್ಲಿ ಕೇಳದ ಪ್ರಶ್ನೆಯನ್ನು ಸಣ್ಣವರ ಮೇಲೆ ಹೇರುವ ಈ ಅಭ್ಯಾಸವನ್ನು ಬ್ಯಾಂಕಿನಲ್ಲೂ ನೋಡಿದ್ದೇನೆ, ನನ್ನಲ್ಲೂ ನೋಡಿದೆ. ಬೇಸರವಾಗುತ್ತದೆ.

ಗೈಡ್ ಮಾಡಿಕೊಳ್ಳುವುದನ್ನು ಮನೆಯಲ್ಲೇ, ಹೊರಡುವ ಎರಡು ವಾರ ಮೊದಲೇ ಮುಗಿಸಿ. ಪರವಾನಗಿಯ ಫೋಟೋ ಕೇಳಿ. ವ್ಯಾನಿನ ದರ, ಗೈಡಿನ ದರ ಬೇರೆ ಬೇರೆ ಬರೆಸಿಕೊಳ್ಳಿ. ಹವಾಮಾನ ಕೆಟ್ಟು ಹಡಗು ಆ ಬಂದರಿಗೆ ಹೋಗದೇ ಇದ್ದರೆ ದುಡ್ಡು ಕೇಳುವುದಿಲ್ಲ ಎಂಬ ಮಾತು ಬರವಣಿಗೆಯಲ್ಲಿರಲಿ. ಹಡಗಿನ ಟೂರಾದರೆ ಆಗ ದುಡ್ಡು ತಾನಾಗಿ ವಾಪಸು ಬರುತ್ತದೆ, ಅದು ಅವರ ಪರವಾದ ಅಂಶ. ಮುಂಗಡ ಪೂರ್ತಿ ಕೇಳುವವರನ್ನು ಬಿಡಿ. ಪಾಸ್‌ಪೋರ್ಟು ನಿಮ್ಮ ಕೈಯಲ್ಲಿದೆಯೋ, ಹಡಗಿನವರ ಬಳಿ ಇದೆಯೋ ನೋಡಿಕೊಂಡೇ ಇಳಿಯಿರಿ.

ಚೆನ್ನೈನಿಂದ ಶ್ರೀಲಂಕಾಕ್ಕೆ 2023ರಲ್ಲಿ ಹಡಗು ಪ್ರವಾಸ ಶುರುವಾಯಿತು. ಹಂಬನ್‌ತೋಟ, ತ್ರಿಂಕೋಮಲೆ, ಕಾಂಕೇಸನ್‌ತುರೈ ಬಂದರುಗಳು. ಹೊಸಪೇಟೆಯಲ್ಲಿರುವ ನನ್ನ ನಾದಿನಿಯ ಮನೆಯವರು ಅಂಥದೊಂದಕ್ಕೆ ಹೊರಟಿದ್ದಾರೆ. ಅಕ್ಕ ತಾನೂ ಬರುತ್ತೇನೆ ಎಂದಿದ್ದಾಳೆ. ತ್ರಿಂಕೋಮಲೆಯ ಪರವಾನಗಿದಾರ ಗೈಡ್ ಒಬ್ಬರಿಗೆ ಕಳೆದ ವಾರ ಬರೆದೆ. ವ್ಯಾನಿನ ದರ, ತಮ್ಮ ದರ ಎರಡೂ ಬಿಡಿಸಿ ಕಳಿಸಿದ್ದಾರೆ. ಕೋಣೇಶ್ವರ ಗುಡಿಯಲ್ಲಿ ಎಷ್ಟು ಹೊತ್ತು ಕೂಡಬಹುದು ಅಂತ ಕೇಳು ಎಂದಳು ಅಕ್ಕ ಫೋನಿನಲ್ಲಿ. ಕೇಳಿದೆ. ಎರಡು ಗಂಟೆ ಇಟ್ಟಿದ್ದೇನೆ, ಸಾಲದಿದ್ದರೆ ಬಿಸಿನೀರಿನ ಬುಗ್ಗೆ ಬಿಡೋಣ ಎಂದು ಬರೆದಿದ್ದಾರೆ.