ತಿಂಗಳ ಬಾಡಿಗೆಯ ಮನೆ: ತೆರವಿಗೆ ಮುನ್ನ ಹದಿನೈದು ದಿನ

ಕರಾರುಪತ್ರವಿಲ್ಲದೆ, ಮಾತಿನ ಮೇಲೆಯೇ ಮನೆಯನ್ನು ಬಾಡಿಗೆಗೆ ಕೊಡುವ ರೂಢಿ ಗ್ರಾಮಗಳಲ್ಲಿ ಇಂದಿಗೂ ಇದೆ. ಶಾಲಾ ಶಿಕ್ಷಕಿಯೊಬ್ಬರು ಮೂರು ವರ್ಷಗಳಿಂದ ವಾಸವಿರುವ ಮನೆಯನ್ನು ಮಾಲೀಕರು ಮಗನ ಮದುವೆಯ ಕಾರಣದಿಂದ ಎರಡೇ ದಿನದಲ್ಲಿ ಬಿಡುವಂತೆ ಹೇಳಿ, ಬಿಡದಿದ್ದಾಗ ಬೀಗ ಜಡಿಯುತ್ತಾರೆಂದು ಭಾವಿಸೋಣ. ಇಬ್ಬರೂ ಮೊದಲು ಬರುವುದು ವಾರ್ಡಿನ ಸದಸ್ಯರ ಬಳಿಗೆ. ಮಾಲೀಕರ ಅಗತ್ಯ ನಿಜವಾದುದೇ. ಬೀಗ ಜಡಿದ ಕ್ರಮ ಮಾತ್ರ ಕಾನೂನುಬಾಹಿರ.

ನಗರ ಪ್ರದೇಶಗಳನ್ನು ಮುಖ್ಯವಾಗಿ ಉದ್ದೇಶಿಸಿದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಅನ್ವಯಿಸದ ಕಡೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಅನ್ವಯವಾಗುತ್ತದೆ. ಅದರ 106ನೇ ಪ್ರಕರಣದಂತೆ, ವ್ಯತಿರಿಕ್ತ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಲ್ಲಿ, ವಾಸದ ಮನೆಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯುವಂಥದೆಂದು ಪರಿಗಣಿಸಲ್ಪಡುತ್ತದೆ. ಅದನ್ನು ಕೊನೆಗಾಣಿಸಲು ಹದಿನೈದು ದಿನಗಳ ನೋಟಿಸು ಅವಶ್ಯ. ಈ ನಿಯಮ ಮಾಲೀಕರಿಗೆ ಅನ್ವಯಿಸುವಂತೆಯೇ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ರಾತ್ರೋರಾತ್ರಿ ಸಾಮಾನು ಸಾಗಿಸಿ ಹೋಗುವುದೂ ಸರಿಯಲ್ಲ. ನೋಟಿಸು ಲಿಖಿತವಾಗಿರಬೇಕು, ಕೊಡುವವರ ಅಥವಾ ಅವರ ಪರವಾದವರ ಸಹಿ ಇರಬೇಕು. ಅಂಚೆಯ ಮೂಲಕ ಕಳುಹಿಸಬಹುದು, ಖುದ್ದಾಗಿ ಕೊಡಬಹುದು, ಮನೆಯಲ್ಲಿ ಕುಟುಂಬದವರಿಗೆ ತಲುಪಿಸಬಹುದು. ಇದು ಸಾಧ್ಯವಾಗದಿದ್ದರೆ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ದಿನಗಳ ಎಣಿಕೆ ನೋಟಿಸು ತಲುಪಿದ ದಿನದಿಂದ ಆರಂಭವಾಗುತ್ತದೆ.

ಹನ್ನೊಂದು ತಿಂಗಳ ಕರಾರಿನ ಬಗ್ಗೆ ತಪ್ಪು ಕಲ್ಪನೆ ಹೆಚ್ಚು. ಒಂದು ವರ್ಷವನ್ನು ಮೀರಿದ ಅವಧಿಯ ಬಾಡಿಗೆ ಪತ್ರಕ್ಕೆ ನೋಂದಣಿ ಕಡ್ಡಾಯವಾದುದರಿಂದ ಈ ಪದ್ಧತಿ ಬೆಳೆಯಿತು. ಅವಧಿ ಮುಗಿದ ನಂತರವೂ ಮಾಲೀಕರು ಬಾಡಿಗೆ ಸ್ವೀಕರಿಸುತ್ತ ಬಂದರೆ, 116ನೇ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದು ಮತ್ತೆ ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. "ಕರಾರು ಮುಗಿದಿದೆ, ನೋಟಿಸು ಬೇಕಿಲ್ಲ" ಎಂಬ ವಾದ ಅಂಥ ಸಂದರ್ಭದಲ್ಲಿ ನಿಲ್ಲದು. ಇಡುಗಂಟು ಕೊಟ್ಟು ಪಡೆಯುವ ಭೋಗ್ಯದ ಮನೆಯ ವಿಚಾರ ಬೇರೆ. ಈ ನಿಯಮವನ್ನು ಅದಕ್ಕೆ ಹೊಂದಿಸಬಾರದು.

ದೀರ್ಘಕಾಲ ವಾಸವಿದ್ದವರು ಮನೆಯನ್ನೇ ತಮ್ಮದಾಗಿಸಿಕೊಳ್ಳುವರೆಂಬ ಭಯದಿಂದ ಕೆಲವರು ರಸೀದಿ ಕೊಡುವುದಿಲ್ಲ. ಈ ಭಯಕ್ಕೆ ಆಧಾರವಿಲ್ಲ: ಬಾಡಿಗೆದಾರರಾಗಿರುವಷ್ಟು ಕಾಲ ಮಾಲೀಕರ ಹಕ್ಕನ್ನು ಅಲ್ಲಗಳೆಯಲು ಸಾಕ್ಷ್ಯ ಕಾನೂನು ಅವಕಾಶ ಕೊಡುವುದಿಲ್ಲ. ರಸೀದಿಯೇ ವಾಸ್ತವದಲ್ಲಿ ಮಾಲೀಕರಿಗೆ ರಕ್ಷಣೆ. ಮುಂಗಡ ಹಣ, ವಿದ್ಯುತ್ ಬಿಲ್ಲು, ನೀರಿನ ಶುಲ್ಕ ಇವುಗಳ ಹೊಣೆಯನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ನೋಟಿಸಿನ ಅವಧಿ ಮುಗಿದರೂ ಬಾಡಿಗೆದಾರರು ಬಿಡದಿದ್ದಲ್ಲಿ ಮಾಲೀಕರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ತೆರವಿನ ಆದೇಶ ಹೊರಡಿಸಲು ಪಂಚಾಯಿತಿಗಾಗಲಿ ಸದಸ್ಯರಿಗಾಗಲಿ ಅಧಿಕಾರವಿಲ್ಲ. ಮಾಲೀಕರ ಮಾತಿಗೆ ನೀರಿನ ಸಂಪರ್ಕ ಕಡಿತಗೊಳಿಸುವುದೂ ಸಲ್ಲದು. ಬಲವಂತವಾಗಿ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ದೊರೆಯುತ್ತದೆ, ಸಹಾಯವಾಣಿ 15100.

ಮೇಲಿನ ಪ್ರಸಂಗದಲ್ಲಿ ಸದಸ್ಯರು ಮೊದಲು ಬೀಗ ತೆಗೆಸಲು ಮಾಲೀಕರ ಮನವೊಲಿಸಿ, ನಂತರ ಲಿಖಿತ ನೋಟಿಸು ಕೊಡಲು ತಿಳಿಸುವುದು ಯೋಗ್ಯ. ಮದುವೆಯ ದಿನಾಂಕಕ್ಕೂ ಶಾಲೆಯ ಪರೀಕ್ಷೆಗಳಿಗೂ ಹೊಂದುವಂತೆ ಇಬ್ಬರೂ ಒಪ್ಪಿದ ದಿನವನ್ನು ಅದೇ ಹಾಳೆಯಲ್ಲಿ ಬರೆಸಿ ಸಹಿ ಪಡೆಯಬಹುದು.